ಸುರ್ಕಿ ಗಾರೆಯೂ ಹೊಸ ಸಿಮೆಂಟೂ

ನಮ್ಮ ಸೀಮೆಯಲ್ಲಿ ಮಳೆಯು ಅಲ್ಪ. ಬಿದ್ದ ನೀರನ್ನು ನಿಲ್ಲಿಸಿಕೊಳ್ಳುವುದೇ ಬೇಸಾಯದ ಮೊದಲನೆಯ ಕೆಲಸ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಕೆರೆಯ ತೂಬು, ಕೋಡಿ, ಕಲ್ಲುಕಟ್ಟಡದ ಬಾವಿ ಮೊದಲಾದ ಹಳೆಯ ಕೆಲಸಗಳು ಅನೇಕವು ಸುಣ್ಣದ ಗಾರೆಯವು. ಇವು ಬಿರುಕುಬಿಟ್ಟೊಡನೆ ಮೇಲೆ ಸಿಮೆಂಟನ್ನು ಮೆತ್ತಿಸಿ ಸುಮ್ಮನಾಗುವ ರೂಢಿಯು ಬೆಳೆದಿದೆ. ಇದು ಹಣವನ್ನು ವ್ಯಯಮಾಡಿ ಕಟ್ಟಡವನ್ನು ಕೆಡಿಸಿಕೊಳ್ಳುವ ಮಾರ್ಗವೆಂಬುದನ್ನು ಗ್ರಾಮಮುಖ್ಯರೂ ಭೂಮಾಲೀಕರೂ ತಿಳಿಯಬೇಕಾಗಿದೆ.

ಸುಣ್ಣಗಾರೆಯ ಬಲಕ್ಕೆ ದೂರದ ಸಾಕ್ಷಿಯು ಬೇಕಿಲ್ಲ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಕಟ್ಟೆಯು ಕಲ್ಲು ಮತ್ತು ಸುಣ್ಣ-ಸುರ್ಕಿ ಗಾರೆಯ ಕೆಲಸ. 1933ರಲ್ಲಿ ಕೋಡಿಬಿದ್ದ ಈ ಸಾಗರವು 89 ವರ್ಷಗಳ ಅನಂತರ 2022ರಲ್ಲಿಯೂ, ಪುನಃ 2025ರ ಜನವರಿಯಲ್ಲಿಯೂ ತುಂಬಿ ಹರಿಯಿತು. ಶತಮಾನ ಕಳೆದ ಗಾರೆಯು ಆ ಭಾರವನ್ನು ಹೊತ್ತುನಿಂತಿತು. ಕನ್ನಂಬಾಡಿಯ ಕಟ್ಟೆಗೂ ಸುರ್ಕಿ ಗಾರೆಯನ್ನೇ ಬಳಸಿದ್ದರು.

ಸುರ್ಕಿಯೆಂದರೆ ಸುಟ್ಟ ಜೇಡಿಯ ಅಥವಾ ಇಟ್ಟಿಗೆಯ ನುಣ್ಣನೆಯ ಪುಡಿ. ಬರಿಯ ಸುಣ್ಣವು ಗಾಳಿಯ ಇಂಗಾಲಾಮ್ಲ ವಾಯುವನ್ನು ಹೀರಿ ಗಟ್ಟಿಯಾಗತಕ್ಕದ್ದು. ಆದಕಾರಣ ದಪ್ಪಗೋಡೆಯ ಒಳಗೂ ನೀರಿನ ಅಡಿಯಲ್ಲಿಯೂ ಬಹುಕಾಲ ಮೆತ್ತಗೇ ಉಳಿಯುವುದು. ಸುರ್ಕಿಯು ಕೂಡಿದರೆ ಅದರೊಳಗಿನ ಸಿಲಿಕ ಮತ್ತು ಅಲ್ಯೂಮಿನಗಳು ತೇವದಲ್ಲಿ ಸುಣ್ಣದೊಡನೆ ಸಂಯೋಗಹೊಂದಿ ನೀರಿನಲ್ಲಿಯೂ ಕಲ್ಲಾಗುವುವು. ಈ ಕ್ರಿಯೆಯು ನಿಧಾನವಾದುದು. ಆದರೆ ವರ್ಷಗಳವರೆಗೆ ನಡೆಯುತ್ತಲೇ ಇರುವುದು.

ಇದೇ ತತ್ತ್ವವು ಈಗ ಹೊಸ ರೂಪದಲ್ಲಿ ಹಿಂದಿರುಗಿದೆ. ಸ್ವಿಟ್ಜರ್ಲೆಂಡಿನ ಲೊಸಾನ್, ಕ್ಯೂಬಾ, ದೆಹಲಿ ಮತ್ತು ಮದರಾಸುಗಳ ವಿದ್ಯಾಸಂಸ್ಥೆಗಳ ಪಂಡಿತರು ಕೂಡಿ ಎಲ್‌ಸಿ3 ಎಂಬ ಸಿಮೆಂಟನ್ನು ರೂಪಿಸಿದ್ದಾರೆ. ಇದರ ಒಂದು ಮುಖ್ಯ ಬಗೆಯಲ್ಲಿ ನೂರಕ್ಕೆ 50 ಪಾಲು ಸಿಮೆಂಟಿನ ಕ್ಲಿಂಕರು, 30 ಪಾಲು ಸುಟ್ಟ ಜೇಡಿ, 15 ಪಾಲು ಸುಡದ ಸುಣ್ಣದಕಲ್ಲು, 5 ಪಾಲು ಜಿಪ್ಸಂ ಇರುವುವು. ಕ್ಲಿಂಕರಿಗೆ ಸುಮಾರು 1450 ಡಿಗ್ರಿ ಸೆಂಟಿಗ್ರೇಡ್ ಉಷ್ಣವು ಬೇಕು. ಜೇಡಿಗೆ 700ರಿಂದ 850 ಡಿಗ್ರಿ ಸಾಕು. ಆದಕಾರಣ ಸೌದೆ-ಕಲ್ಲಿದ್ದಲುಗಳ ಖರ್ಚೂ ಹೊಗೆಯೂ ಕಡಿಮೆ. ಭಾರತೀಯ ಮಾನಕ ಸಂಸ್ಥೆಯು 2023ರಲ್ಲಿ ಈ ಜಾತಿಯ ಸಿಮೆಂಟಿಗೆ ಐ.ಎಸ್. 18189 ಎಂಬ ಮಾನಕವನ್ನು ಹೊರಡಿಸಿದೆ. ಚೀಲದ ಮೇಲೆ ಈ ಸಂಖ್ಯೆಯನ್ನು ನೋಡಿ ಕೊಳ್ಳತಕ್ಕದ್ದು.

ಆದರೆ ಹೊಸ ಕಟ್ಟಡಕ್ಕೆ ಒಪ್ಪುವುದೆಲ್ಲ ಹಳೆಯದಕ್ಕೆ ಒಪ್ಪುವುದಿಲ್ಲ. ಸುಣ್ಣದ ಗಾರೆಯು ಬಿಸಿಲು-ತಂಪುಗಳಿಗೆ ತಕ್ಕಂತೆ ಕೊಂಚ ಬಾಗಿಕೊಡುವುದು, ಸಿಮೆಂಟು ಬಿರುಸಾದುದು. ಹಳೆಯ ಗೋಡೆಗೆ ಮೆತ್ತಿದ ಸಿಮೆಂಟು ತೇವವನ್ನು ಒಳಗೇ ತಡೆದು, ಕಡೆಗೆ ಹಳೆಯ ಗಾರೆಯನ್ನೂ ಕಿತ್ತುಕೊಂಡು ಕಳಚುವುದು. ಅಲ್ಲಿ ಸಡಿಲವಾದ ಸಂದುಗಳನ್ನು ಕೆರೆದು ತೊಳೆದು, ಅರಳಿಸಿದ ಸುಣ್ಣ ಒಂದು ಪಾಲು, ಸುರ್ಕಿ ಎರಡು ಪಾಲು ಸೇರಿಸಿ ಚೆನ್ನಾಗಿ ಅರೆದ ಗಾರೆಯನ್ನು ತುಂಬಿ, ಹತ್ತು ದಿವಸವಾದರೂ ಒದ್ದೆಯಾಗಿರಿಸತಕ್ಕದ್ದು.

ಸುರ್ಕಿಗೆ ಹದವಾಗಿ ಬೆಂದ ಇಟ್ಟಿಗೆಯನ್ನೇ ಆರಿಸಬೇಕು. ನೀರಿನಲ್ಲಿ ಕರಗುವ ಹಸಿ ಇಟ್ಟಿಗೆಯೂ, ಕರಿಗಟ್ಟಿ ಗಾಜಿನಂತಾದ ಇಟ್ಟಿಗೆಯೂ ಕೆಲಸಕ್ಕೆ ಬಾರವು. ಎರೆಮಣ್ಣನ್ನು ಸುಟ್ಟು ಮಾಡಿದ ಸುರ್ಕಿಯು ಬಿಳಿಜೇಡಿಯದರಷ್ಟು ಚುರುಕಾಗಿರುವುದಿಲ್ಲ.

ಕೆರೆಯ ಏರಿ, ತೂಬು, ಕೋಡಿಗಳಲ್ಲಿ ನೀರು ಜಿನುಗುತ್ತಿದ್ದರೆ ಮೊದಲು ಇಂಜಿನಿಯರರಿಗೆ ತೋರಿಸಿ, ಅವರ ಒಪ್ಪಿಗೆ ಪಡೆದ ಮೇಲೆಯೇ ಕೈಹಚ್ಚಬೇಕು. ಈ ಕೆಲಸವನ್ನು ಬೇಸಿಗೆಯಲ್ಲಿಯೇ ಮುಗಿಸಿದರೆ ಮುಂಗಾರಿನ ನೀರು ಕೆರೆಯಲ್ಲಿ ನಿಲ್ಲುವುದು.