ಸರಕಿನ ಲಿಪಿಯೂ ಬೆಲೆಯ ಬರೆಹವೂ

ಸರಕಿನ ಮೇಲಣ ಗೆರೆಗಳನ್ನು ಓದಿ ಲೆಕ್ಕಹಾಕುವ ಯಂತ್ರವನ್ನು ಗಲ್ಲಾಪೆಟ್ಟಿಗೆಯ ಬಳಿಗೆ ತರಬೇಕೆಂದು ಅಮೆರಿಕದ ದಿನಸಿ ವರ್ತಕರು ಯೋಜಿಸಿದಾಗ ಒಂದು ತೊಡಕು ಎದುರಾಯಿತು. ಸರಕಿನಲ್ಲಿ ಗುರುತಿಲ್ಲದಿದ್ದರೆ ಅಂಗಡಿಯವರು ಯಂತ್ರವನ್ನು ಕೊಳ್ಳರು. ಯಂತ್ರವಿಲ್ಲದಿದ್ದರೆ ತಯಾರಕರು ಗುರುತನ್ನು ಅಚ್ಚುಹಾಕಿಸರು. ಆದುದರಿಂದ ಉಭಯ ಪಕ್ಷದವರೂ ೧೯೭೦ರಲ್ಲಿ ಸಮಿತಿಯೊಂದನ್ನು ರಚಿಸಿ, ಮೊದಲು ಸರ್ವಸಮ್ಮತವಾದ ಅಂಕಿಗಳ ಕ್ರಮವನ್ನೂ, ಬಳಿಕ ೧೯೭೩ನೆಯ ಏಪ್ರಿಲ್ ೩ರಂದು ಅದನ್ನು ಬರೆಯುವ ಗೆರೆಗಳ ರೂಪವನ್ನೂ ಗೊತ್ತುಮಾಡಿದರು. ಎಂದರೆ, ಯಂತ್ರವು ಅಂಗಡಿಗಳಲ್ಲಿ ಹರಡುವುದಕ್ಕೆ ಮೊದಲೇ ಲಿಪಿಯು ನಿಶ್ಚಿತವಾಯಿತು. ೧೯೭೪ನೆಯ ಜೂನ್ ೨೬ರಂದು ಒಹಾಯೊ ಸಂಸ್ಥಾನದ ಟ್ರಾಯ್ ಪಟ್ಟಣದಲ್ಲಿ, ಮಾರ್ಷ್ ಅಂಗಡಿಯಲ್ಲಿ, ರಿಗ್ಲಿ ಚ್ಯೂಯಿಂಗ್ ಗಮ್ಮಿನ ಪೊಟ್ಟಣವೊಂದು ಈ ಬಾರ್‌ಕೋಡಿನ ಮೂಲಕ ಮೊತ್ತಮೊದಲು ಮಾರಾಟವಾಯಿತು.

ಈ ಗುರುತಿನ ೧೨ ಅಂಕಿಗಳು ತಯಾರಕನನ್ನೂ ಸರಕನ್ನೂ ತಿಳಿಸುತ್ತವೆ. ಕಡೆಯ ಅಂಕಿಯು ಓದಿನ ತಪ್ಪನ್ನು ಹಿಡಿಯುವುದಕ್ಕಾಗಿ ಇರತಕ್ಕುದು. ಬೆಲೆಯು ಮಾತ್ರ ಅದರಲ್ಲಿಲ್ಲ. ಪದದ ಅರ್ಥವನ್ನು ನಿಘಂಟಿನಲ್ಲಿ ನೋಡುವಂತೆ, ಯಂತ್ರವು ಆ ಸಂಖ್ಯೆಗೆ ತಕ್ಕ ಬೆಲೆಯನ್ನು ಅಂಗಡಿಯ ಗಣಕದಲ್ಲಿ ನೋಡುತ್ತದೆ. ಬೆಲೆ ಬದಲಾದಾಗ ಗಣಕದಲ್ಲೊಮ್ಮೆ ತಿದ್ದಿದರೆ ಸಾಕು. ಡಬ್ಬಿಡಬ್ಬಿಗೂ ಚೀಟಿ ಅಂಟಿಸಬೇಕಾದುದಿಲ್ಲ. ವರ್ತಕರಿಗೆ ಲಾಭವಿದ್ದುದು ಇಲ್ಲಿಯೇ. ಕೊಳ್ಳುವವರಿಗೆ ಶಂಕೆ ಹುಟ್ಟಿದುದೂ ಇಲ್ಲಿಯೇ. ಗೆರೆಗಳನ್ನು ಯಂತ್ರವು ಓದಬಲ್ಲುದು, ಮನುಷ್ಯನು ಓದಲಾರನು. ಚೀಟಿಯು ಹೋದ ಬಳಿಕ, ಕಪಾಟಿನ ಬೆಲೆಯೂ ಗಣಕದ ಬೆಲೆಯೂ ಒಂದೇ ಎಂಬುದಕ್ಕೆ ಅವನ ಕೈಯಲ್ಲಿ ಸಾಕ್ಷಿಯಿಲ್ಲ. ಬಳಕೆದಾರರ ಸಂಘಗಳೂ ಕಾರ್ಮಿಕ ಸಂಘಗಳೂ ಪ್ರತಿಭಟಿಸಿದುವು. ಮಿಷಿಗನ್ ಸಂಸ್ಥಾನವು ೧೯೭೬ರಲ್ಲಿ, ಹೆಚ್ಚಿನ ಸರಕುಗಳ ಮೇಲೆ ಬಿಡಿಬಿಡಿಯಾಗಿ ಬೆಲೆಯನ್ನು ನಮೂದಿಸಬೇಕೆಂದು ಕಾನೂನು ಮಾಡಿತು. ಅದು ೨೦೧೧ರವರೆಗೆ ಜಾರಿಯಲ್ಲಿತ್ತು.

ತಯಾರಕನಿಗೂ ವರ್ತಕನಿಗೂ ಒಡಂಬಡಿಕೆಯಾದರೆ ಇಂತಹ ಯೋಜನೆಯು ಅರ್ಧ ಮಾತ್ರ ಮುಗಿದಂತೆ. ಬೆಲೆ ತೆರುವವನು ಆ ಬೆಲೆಯನ್ನು ಮುಂಚಿತವಾಗಿ ಕಣ್ಣಾರೆ ಓದುವಂತಾದಾಗಲೇ ಅದು ಪೂರ್ಣವಾಗುತ್ತದೆ.