ರಾಷ್ಟ್ರದ ವಾಗ್ದಾನವೂ ರೈತನ ಹೊರೆಯೂ

ಭೂಮಂಡಲದ ಹವೆಯು ವರ್ಷದಿಂದ ವರ್ಷಕ್ಕೆ ಕೆಡುತ್ತಿರುವ ವಿಚಾರವಾಗಿಯೂ, ಅದನ್ನು ತಡೆಯಲು ಯಾವ ರಾಷ್ಟ್ರವು ಎಷ್ಟು ಹೊಗೆಯನ್ನು ಕಡಮೆ ಮಾಡಬೇಕೆಂಬ ವಿಚಾರವಾಗಿಯೂ ಲೋಕದ ರಾಷ್ಟ್ರಗಳ ಪ್ರತಿನಿಧಿಗಳು ವರ್ಷಕ್ಕೊಂದು ಪಟ್ಟಣದಲ್ಲಿ ಸಭೆ ಸೇರಿ ವಾದಿಸುತ್ತಿರುವ ಸಂಗತಿಯನ್ನು ನಮ್ಮ ವಾಚಕರು ಬಲ್ಲರು. ಈ ಸಭೆಗಳ ವರದಿ ಬಂದಾಗಲೆಲ್ಲ ಹಾಸನದ ಮಾರುಕಟ್ಟೆಯಲ್ಲಿಯೂ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸಂತೆಗಳಲ್ಲಿಯೂ ಕೇಳಿಬರುವ ಪ್ರಶ್ನೆ ಒಂದೇ: ದೊಡ್ಡವರ ಈ ಮಾತುಕತೆಯಿಂದ ನಮಗೇನು? ಇದನ್ನು ತಿಳಿಯದವರ ಮಾತೆಂದು ತಳ್ಳಿಬಿಡುವುದು ಸುಲಭ. ನಮ್ಮ ಅಭಿಪ್ರಾಯದಲ್ಲಿಯಾದರೋ ಈ ವಿವಾದದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆಯು ಮತ್ತೊಂದಿಲ್ಲ.

ಮೊದಲು ನಮ್ಮ ದೇಶವು ಕೊಟ್ಟಿರುವ ಮಾತು ಏನೆಂಬುದನ್ನು ತಿಳಿಯೋಣ. ೨೦೧೫ರಲ್ಲಿ ಪ್ಯಾರಿಸ್ ಒಪ್ಪಂದದ ಸಂದರ್ಭದಲ್ಲಿ ಭಾರತವು ಮುಖ್ಯವಾಗಿ ಮೂರು ವಾಗ್ದಾನಗಳನ್ನು ಮಾಡಿತು. ೨೦೩೦ನೆಯ ಇಸವಿಯ ಹೊತ್ತಿಗೆ ದೇಶದ ಉತ್ಪತ್ತಿಯ ಒಂದೊಂದು ರೂಪಾಯಿಗೆ ಹೊರಬೀಳುವ ಹೊಗೆಯನ್ನು ೨೦೦೫ರಲ್ಲಿದ್ದ ಪ್ರಮಾಣಕ್ಕಿಂತ ನೂರಕ್ಕೆ ೩೩ರಿಂದ ೩೫ರಷ್ಟು ಇಳಿಸುವುದು ಮೊದಲನೆಯದು. ವಿದ್ಯುತ್ ಸ್ಥಾವರಗಳ ಸಾಮರ್ಥ್ಯದಲ್ಲಿ ನೂರಕ್ಕೆ ೪೦ ಭಾಗವು ಕಲ್ಲಿದ್ದಲು, ತೈಲ, ಅನಿಲಗಳ ಹಂಗಿಲ್ಲದೆ ನಡೆಯುವಂತೆ ಮಾಡುವುದು ಎರಡನೆಯದು. ಈಗಿನ ಪಠ್ಯಪುಸ್ತಕಗಳು ಇಂಗಾಲದ ಡೈಆಕ್ಸೈಡ್ ಎಂದು ಕರೆಯುವ ಅಂಗಾರಾಮ್ಲವಾಯುವಿನಲ್ಲಿ ೨೫೦ರಿಂದ ೩೦೦ ಕೋಟಿ ಟನ್ನುಗಳನ್ನು ಹೀರಿಕೊಳ್ಳುವಷ್ಟು ಕಾಡನ್ನೂ ಮರಗಳನ್ನೂ ಹೆಚ್ಚಾಗಿ ಬೆಳೆಸುವುದು ಮೂರನೆಯದು. ೨೦೨೧ರಲ್ಲಿ ಗ್ಲಾಸ್ಗೋ ನಗರದ ಸಭೆಯಲ್ಲಿ ಪ್ರಧಾನಮಂತ್ರಿಗಳು, ೨೦೭೦ರ ವೇಳೆಗೆ ದೇಶವು ಬಿಡುವ ಹೊಗೆಗೂ ಹೀರುವ ಹೊಗೆಗೂ ಸರಿಸಮವಾಗುವುದೆಂದು ಸಾರಿದರು. ೨೦೨೨ರ ಆಗಸ್ಟಿನಲ್ಲಿ ಮೊದಲೆರಡು ವಾಗ್ದಾನಗಳನ್ನು ನೂರಕ್ಕೆ ೪೫ಕ್ಕೂ ೫೦ಕ್ಕೂ ಏರಿಸಲಾಯಿತು. ಎರಡನೆಯದು ಗಡುವಿಗೆ ಐದು ವರ್ಷ ಮೊದಲೇ ಈಡೇರಿತೆಂದು ೨೦೨೫ರ ಜುಲೈಯಲ್ಲಿ ಕೇಂದ್ರ ಸರಕಾರದವರು ಪ್ರಕಟಿಸಿದರು. ಇದು ಸ್ಥಾವರಗಳ ಸಾಮರ್ಥ್ಯದ ಲೆಕ್ಕವೇ ಹೊರತು ಉತ್ಪತ್ತಿಯ ಲೆಕ್ಕವಲ್ಲ. ದೇಶದ ವಿದ್ಯುತ್ತಿನ ಬಹುಪಾಲು ಇನ್ನೂ ಕಲ್ಲಿದ್ದಲಿನಿಂದಲೇ ಬರುತ್ತಿದೆ. ಆದರೂ ಸಾಧನೆಯು ಸಾಧನೆಯೇ. ಅದನ್ನು ನಾವು ಸಂತೋಷದಿಂದ ಒಪ್ಪುತ್ತೇವೆ.

ಈ ವಾಗ್ದಾನಗಳ ವಿಷಯದಲ್ಲಿ ನಮ್ಮ ನಾಡಿನಲ್ಲಿ ಎರಡು ಪಕ್ಷಗಳು ಕಾಣಬರುತ್ತಿವೆ. ಹವೆ ಕೆಡುವುದೆಂಬುದೇ ಸುಳ್ಳು, ನಮ್ಮ ಕೈಗಾರಿಕೆಗಳು ತಲೆಯೆತ್ತದಂತೆ ಮಾಡಲು ಪಾಶ್ಚಾತ್ಯರು ಹೂಡಿದ ಉಪಾಯವಿದು ಎಂದು ಮೊದಲನೆಯ ಪಕ್ಷದವರು ವಾದಿಸುವರು. ಇದು ನಿಲ್ಲತಕ್ಕ ವಾದವಲ್ಲ. ಅಂಗಾರಾಮ್ಲವಾಯು ಹೆಚ್ಚಿದಷ್ಟೂ ಭೂಮಿಯ ಶಾಖವು ಏರುವುದೆಂದು ಸ್ವೀಡನ್ ದೇಶದ ವಿಜ್ಞಾನಿ ಅರೇನಿಯಸ್ ಎಂಬಾತನು ೧೮೯೬ರಲ್ಲಿಯೇ ಗಣಿತದಿಂದ ತೋರಿಸಿದನು. ಆಗ ಭಾರತವು ಪರಾಧೀನವಾಗಿತ್ತು. ಅದರ ಕೈಗಾರಿಕೆಯನ್ನು ಅಡಗಿಸಬೇಕೆಂಬ ಗರಜು ಆತನಿಗೆ ಇರಲಿಲ್ಲ. ದೂರದ ಮಾತೇಕೆ? ನಮ್ಮ ಹಾಸನದಲ್ಲಿಯೇ ೧೯೮೨ರಿಂದ ಇನ್ಸಾಟ್ ಉಪಗ್ರಹಗಳ ನಿಯಂತ್ರಣ ಕೇಂದ್ರವು ಕೆಲಸಮಾಡುತ್ತಿದೆ. ಮುಗಿಲಿನ ಚಿತ್ರಗಳನ್ನು ಕಳುಹಿಸುವ ಉಪಗ್ರಹಗಳಿಗೆ ಆಜ್ಞೆ ಹೋಗುವುದು ಈ ಊರಿನಿಂದ. ಆ ಚಿತ್ರಗಳನ್ನು ನಂಬಿ ಮಳೆಯ ಮುನ್ಸೂಚನೆ ಕೇಳುವ ನಾವು, ಅದೇ ವಿಜ್ಞಾನವು ಹೇಳುವ ಅಪ್ರಿಯವಾದ ಮಾತನ್ನು ಮಾತ್ರ ಪರದೇಶಿಯೆಂದು ತಳ್ಳುವುದು ವಿವೇಕವಲ್ಲ.

ಎರಡನೆಯ ಪಕ್ಷದವರು, ಇತರರು ಏನು ಮಾಡಿದರೂ ಸರಿ, ನಾವು ಲೋಕಕ್ಕೆ ಮೇಲ್ಪಂಕ್ತಿಯಾಗಿ ಈಗಿಂದೀಗಲೇ ಕಲ್ಲಿದ್ದಲನ್ನು ಬಿಟ್ಟುಬಿಡಬೇಕೆನ್ನುವರು. ಇವರ ಉದ್ದೇಶ ದೊಡ್ಡದು; ಲೆಕ್ಕ ಮಾತ್ರ ಸರಿಯಿಲ್ಲ. ಒಟ್ಟು ಹೊಗೆಯಲ್ಲಿ ಭಾರತವು ಚೀನಾ, ಅಮೆರಿಕಗಳ ತರುವಾಯ ಮೂರನೆಯದೆಂಬುದು ನಿಜ. ಆದರೆ ತಲೆವಾರು ಲೆಕ್ಕದಲ್ಲಿ ಭಾರತೀಯನ ಪಾಲು ವರ್ಷಕ್ಕೆ ಸುಮಾರು ೨ ಟನ್, ಅಮೆರಿಕನನದು ಸುಮಾರು ೧೪ ಟನ್. ಯಂತ್ರಯುಗವು ಮೊದಲಾದಂದಿನಿಂದ ಆಕಾಶಕ್ಕೆ ಸೇರಿದ ಅಂಗಾರಾಮ್ಲವಾಯುವಿನಲ್ಲಿ ಸುಮಾರು ಕಾಲುಭಾಗವು ಅಮೆರಿಕ ಒಂದರದೇ. ಆದಕಾರಣವೇ ೧೯೯೨ರಲ್ಲಿ ರಿಯೊ ನಗರದ ಮಹಾಸಭೆಯಲ್ಲಿ, ಹೊಣೆಯು ಎಲ್ಲರಿಗೂ ಸಾಮಾನ್ಯವಾದರೂ ಹೊರೆಯು ಅವರವರ ಶಕ್ತಿಗೂ ಅವರವರು ಮಾಡಿದ ಹಾನಿಗೂ ತಕ್ಕಂತಿರಬೇಕೆಂಬ ತತ್ತ್ವವನ್ನು ಭಾರತವೂ ಇತರ ಬಡ ರಾಷ್ಟ್ರಗಳೂ ಹಟಹಿಡಿದು ಒಪ್ಪಿಸಿದವು. ಸಿರಿವಂತ ರಾಷ್ಟ್ರಗಳು ಅದನ್ನು ನಡೆಸಿಕೊಟ್ಟ ರೀತಿಯಾದರೋ ಶೋಚನೀಯವಾಗಿದೆ. ವರ್ಷಕ್ಕೆ ೧೦,೦೦೦ ಕೋಟಿ ಡಾಲರುಗಳ ನೆರವನ್ನು ೨೦೨೦ರೊಳಗೆ ಒದಗಿಸುವೆವೆಂದು ೨೦೦೯ರಲ್ಲಿ ಕೋಪನ್‌ಹೇಗನ್ನಿನಲ್ಲಿ ಮಾತು ಕೊಟ್ಟವರು ಆ ಮೊತ್ತವನ್ನು ಮುಟ್ಟಿದ್ದು ೨೦೨೨ರಲ್ಲಿ. ಅಮೆರಿಕವು ೨೦೧೭ರಲ್ಲಿ ಒಮ್ಮೆ, ೨೦೨೫ರ ಜನವರಿಯಲ್ಲಿ ಮತ್ತೊಮ್ಮೆ, ಪ್ಯಾರಿಸ್ ಒಪ್ಪಂದದಿಂದ ಹೊರಬೀಳುವುದಾಗಿ ಸಾರಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ನ್ಯಾಯವನ್ನು ನಮ್ಮ ಪ್ರತಿನಿಧಿಗಳು ೨೦೨೪ರಲ್ಲಿ ಬಾಕು ನಗರದ ಸಭೆಯಲ್ಲಿ ಬಹಿರಂಗವಾಗಿ ಪ್ರತಿಭಟಿಸಿದ್ದು ಯುಕ್ತವೇ ಸರಿ.

ಇಲ್ಲಿಯವರೆಗಿನ ಮಾತಿಗೆ ದೇಶಾಭಿಮಾನಿಗಳೆಲ್ಲರೂ ತಲೆದೂಗುವರು. ಇನ್ನು ಮುಂದಿನ ಮಾತು ಅಷ್ಟು ಹಿತವಾಗಿರಲಾರದು. ಲೋಕದ ಮುಂದೆ ಭಾರತವು ಯಾವ ನ್ಯಾಯವನ್ನು ಕೇಳುತ್ತಿದೆಯೋ ಅದೇ ನ್ಯಾಯವನ್ನು ತನ್ನ ಮನೆಯೊಳಗೆ ತನ್ನ ಬಡವರಿಗೆ ನಡೆಸಿಕೊಡುತ್ತಿದೆಯೇ? ತಲೆಗೆ ೨ ಟನ್ ಎಂಬ ಲೆಕ್ಕದಲ್ಲಿ, ಮೂರು ಮೋಟಾರು ಇಟ್ಟುಕೊಂಡು ಹಗಲಿರುಳೂ ತಂಪುಯಂತ್ರ ನಡೆಸುವ ಪಟ್ಟಣದ ಶ್ರೀಮಂತನೂ ಇದ್ದಾನೆ. ಎರಡು ದೀಪ, ಒಂದು ಪಂಪುಸೆಟ್ಟು ಮಾತ್ರವುಳ್ಳ ಕೊಣನೂರಿನ ಒಕ್ಕಲಿಗನೂ ಇದ್ದಾನೆ. ಹೊರಗೆ ಹೋದಾಗ ಈ ಎರಡನೆಯವನ ಬಡತನವನ್ನು ತೋರಿಸಿ ರಿಯಾಯಿತಿ ಪಡೆಯುವುದು, ಒಳಗೆ ಬಂದಾಗ ಹೊರೆಯನ್ನು ಅವನ ತಲೆಯ ಮೇಲೆಯೇ ಇಡುವುದು—ಇದನ್ನೇ ನಮ್ಮ ಹಿರಿಯರು ಊರಿಗೆ ಉಪಕಾರಿ, ಮನೆಗೆ ಮಾರಿ ಎಂದರು.

ಅರಕಲಗೂಡು ತಾಲ್ಲೂಕನ್ನೇ ನೋಡೋಣ. ಅಲ್ಲಿ ಸಹಸ್ರಾರು ಕುಟುಂಬಗಳಿಗೆ ರೊಕ್ಕ ತರುವ ಬೆಳೆಯು ವರ್ಜೀನಿಯಾ ಹೊಗೆಸೊಪ್ಪು. ತಂಬಾಕು ಮಂಡಳಿಯವರ ಹರಾಜು ಮಾರುಕಟ್ಟೆಯು ಕಾವೇರೀತೀರದ ರಾಮನಾಥಪುರದಲ್ಲಿದೆ. ಹಸಿಸೊಪ್ಪನ್ನು ಬ್ಯಾರನ್ನಿನಲ್ಲಿ ಕಟ್ಟಿ, ದಿನಗಟ್ಟಲೆ ಬಿಸಿಗಾಳಿ ಕೊಟ್ಟು ಹದಮಾಡಬೇಕು. ಒಂದು ಕಿಲೋ ಒಣಸೊಪ್ಪಿಗೆ ಸುಮಾರು ನಾಲ್ಕೈದು ಕಿಲೋ ಸೌದೆ ಉರಿಯುವುದು. ಒಂದು ಕಡೆ ೩೦೦ ಕೋಟಿ ಟನ್ ಹೀರುವಷ್ಟು ಮರ ಬೆಳೆಸುವ ರಾಷ್ಟ್ರದ ವಾಗ್ದಾನ. ಮತ್ತೊಂದು ಕಡೆ ಸರಕಾರದ ಮಂಡಳಿಯೇ ಅನುಮತಿ ಕೊಟ್ಟು ಬೆಳೆಸುವ ಬೆಳೆಗಾಗಿ ಉರಿಯುವ ಮರ! ಕಡಿದಷ್ಟು ಮರವನ್ನು ಮತ್ತೆ ಬೆಳೆಸಿದರೆ ನಷ್ಟವು ಕಾಲಕ್ರಮದಲ್ಲಿ ತುಂಬಿಬರುವುದು. ಬೆಳೆಸದಿದ್ದರೆ ನಾಡೂ ಬೋಳು, ವಾಗ್ದಾನವೂ ಪೊಳ್ಳು. ಹಾಗೆಂದು ಬ್ಯಾರನ್ನುಗಳಿಗೆ ಬೀಗ ಹಾಕಿಸಿದರೆ ಸಾಕೇ? ತಂಬಾಕಿನ ಬಳಕೆಯನ್ನು ತಗ್ಗಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೂ ಭಾರತವು ೨೦೦೪ರಲ್ಲಿಯೇ ಬದ್ಧವಾಯಿತು. ಬೆಳೆಗಾರರಿಗೆ ಬೇರೆ ಜೀವನಮಾರ್ಗವನ್ನು ಒದಗಿಸಲು ನೆರವಾಗಬೇಕೆಂಬ ವಿಧಿಯು ಅದರ ೧೭ನೆಯ ಕಲಮಿನಲ್ಲಿದೆ. ಎರಡು ದಶಕಗಳು ಕಳೆದವು. ಅರಕಲಗೂಡಿನ ರೈತನು ಇಂದಿಗೂ ಹೊಗೆಸೊಪ್ಪನ್ನೇ ನೆಡುತ್ತಿದ್ದಾನೆ. ಏಕೆಂದರೆ ಗೊತ್ತಾದ ಜಾಗದಲ್ಲಿ ಹರಾಜಾಗಿ, ಹಣವು ಬ್ಯಾಂಕಿಗೆ ಬಂದು ಬೀಳುವ ಬೇರೆ ಬೆಳೆಯನ್ನು ಅವನಿಗೆ ತೋರಿಸಿಕೊಟ್ಟವರಿಲ್ಲ. ವಿದೇಶದಲ್ಲಿ ಹಾಕಿದ ರುಜುವು ಹೊಲದವರೆಗೆ ನಡೆದುಬಾರದಿದ್ದರೆ ಏನಾಗುವುದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಹೊಗೆ ತಗ್ಗಿಸುವ ಹೊರೆಯೊಂದಾದರೆ, ಹವೆ ಕೆಟ್ಟುದರ ಪೆಟ್ಟು ಇನ್ನೊಂದು. ಹಾಸನ, ಹೊಳೆನರಸೀಪುರ ಸೀಮೆಯ ಆಲೂಗೆಡ್ಡೆಯು ಮೇ ತಿಂಗಳ ಮಳೆಯನ್ನು ನಂಬಿ ಬಿತ್ತುವ ಬೆಳೆ. ಪಂಜಾಬಿನಿಂದ ಬರುವ ಬೀಜಕ್ಕೆ ದುಬಾರಿ ಬೆಲೆ ತೆತ್ತು ಬಿತ್ತಿದ ಮೇಲೆ, ಮಳೆ ತಡೆದರೆ ಬೀಜ ಕೊಳೆಯುವುದು. ಮೋಡ ಕವಿದು ಜಡಿಮಳೆ ಹಿಡಿದರೆ ಅಂಗಮಾರಿ ರೋಗವು ಹೊಲವನ್ನು ಕೆಲವೇ ದಿನಗಳಲ್ಲಿ ಸುಟ್ಟಂತೆ ಮಾಡುವುದು. ಒಂದು ಕಾಲದಲ್ಲಿ ಜಿಲ್ಲೆಗೆ ಹೆಸರು ತಂದ ಈ ಬೆಳೆಯನ್ನು ಬಿಟ್ಟು ಅನೇಕರು ಮುಸುಕಿನ ಜೋಳಕ್ಕೂ ಶುಂಠಿಗೂ ತಿರುಗಿದ್ದಾರೆ. ಚನ್ನರಾಯಪಟ್ಟಣದಲ್ಲಿ ೨೦೧೬ರ ಸುಮಾರಿನ ಬರಗಾಲಗಳಲ್ಲಿ ಕೊಳವೆಬಾವಿಗಳು ಬತ್ತಿ, ತಲೆಮಾರಿನ ತೆಂಗಿನ ಮರಗಳು ಸುಳಿ ಒಣಗಿ ನಿಂತುದನ್ನು ಮರೆಯುವಂತಿಲ್ಲ. ರಾಗಿ ಹೋದರೆ ಮರುವರ್ಷ ಬಿತ್ತಬಹುದು. ತೆಂಗು ಹೋದರೆ ಫಲ ಕಾಣಲು ಮತ್ತೆ ಏಳೆಂಟು ವರ್ಷ ಬೇಕು. ಇತ್ತ ಬರ, ಅತ್ತ ನೆರೆ: ೨೦೧೮ರ ಆಗಸ್ಟಿನಲ್ಲಿ ಕೊಡಗಿನ ಮಳೆಗೆ ಕಾವೇರಿಯು ಉಕ್ಕಿ ರಾಮನಾಥಪುರದ ಬೀದಿಗಳಿಗೆ ನುಗ್ಗಿತು. ಈ ಒಂದೊಂದು ಘಟನೆಗೂ ಹವೆಯ ಬದಲಾವಣೆಯೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಬಿಸಿಯೇರಿದ ಗಾಳಿಯು ಹೆಚ್ಚು ನೀರಾವಿಯನ್ನು ಹೊರುವುದು, ಅದರಿಂದ ಮಳೆಯು ಬಂದಾಗ ಭೋರ್ಗರೆದು ಬರುವುದು, ಬಾರದಾಗ ನೆಲವು ಬೇಗ ಒಣಗುವುದು ಎಂಬುದು ಭೌತವಿಜ್ಞಾನದ ಸಾಮಾನ್ಯ ನಿಯಮ.

ಪೆಟ್ಟು ಬಿದ್ದಾಗ ಪರಿಹಾರದ ಗತಿ ಏನಾಯಿತೆಂಬುದನ್ನೂ ನೋಡಬೇಕು. ೨೦೨೩ರಲ್ಲಿ ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ ಬರಪೀಡಿತವೆಂದು ಸಾರಲ್ಪಟ್ಟವು. ರಾಜ್ಯ ಸರಕಾರದವರು ಕೇಂದ್ರವನ್ನು ೧೮,೧೭೧ ಕೋಟಿ ರೂಪಾಯಿ ಕೇಳಿದರು. ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿದ ಮೇಲೆ ೨೦೨೪ರ ಏಪ್ರಿಲಿನಲ್ಲಿ ಬಂದದ್ದು ಸುಮಾರು ೩,೪೫೪ ಕೋಟಿ. ಕೇಳಿದ್ದು ಹೆಚ್ಚೋ, ಕೊಟ್ಟದ್ದು ಕಡಮೆಯೋ ಎಂಬ ಪಕ್ಷರಾಜಕೀಯದ ಜಗಳ ನಮಗೆ ಬೇಡ. ಹಾನಿಗೊಳಗಾದವರಿಗೆ ಸಕಾಲದಲ್ಲಿ ದ್ರವ್ಯಸಹಾಯ ಸಿಕ್ಕಬೇಕೆಂದು ೨೦೨೨ರಲ್ಲಿ ಈಜಿಪ್ಟಿನ ಸಭೆಯಲ್ಲಿ ಬಡ ರಾಷ್ಟ್ರಗಳ ಪಕ್ಷದಲ್ಲಿ ನಿಂತ ದೇಶದೊಳಗೆ, ಬೆಳೆ ಒಣಗಿದ ರೈತನು ಪರಿಹಾರಕ್ಕಾಗಿ ಮುಂದಿನ ಬಿತ್ತನೆಯ ಹೊತ್ತಿನವರೆಗೆ ಕಾಯಬೇಕಾಯಿತೆಂಬುದಷ್ಟೇ ನಮ್ಮ ವ್ಯಥೆ.

ಹಣವಿಲ್ಲವೆಂಬ ಉತ್ತರವನ್ನು ನಾವು ಒಪ್ಪಲಾರೆವು. ೨೦೧೦ರಲ್ಲಿ ಕೇಂದ್ರ ಸರಕಾರದವರು ಶುದ್ಧಶಕ್ತಿಯ ಹೆಸರಿನಲ್ಲಿ ಕಲ್ಲಿದ್ದಲಿನ ಟನ್ನಿಗೆ ೫೦ ರೂಪಾಯಿಯ ಕರವನ್ನು ವಿಧಿಸಿದರು. ೨೦೧೬ರ ಹೊತ್ತಿಗೆ ಅದು ೪೦೦ ರೂಪಾಯಿಗೆ ಏರಿತು. ೨೦೧೭ರಲ್ಲಿ ಜಿಎಸ್‌ಟಿ ಬಂದಾಗ ಆ ಉತ್ಪತ್ತಿಯು ರಾಜ್ಯಗಳ ತೆರಿಗೆಯ ನಷ್ಟವನ್ನು ತುಂಬುವ ಬಾಬಿಗೆ ತಿರುಗಿತು. ಬತ್ತಿದ ತೋಟಕ್ಕೆ ನೀರೆಂದು ತೋಡಿದ ಕಾಲುವೆಯನ್ನು ಬೇರೆ ಗದ್ದೆಗೆ ಹರಿಸಿದಂತಾಯಿತು. ಇಚ್ಛೆಯಿದ್ದಲ್ಲಿ ಮಾರ್ಗವೂ ಇರುವುದೆಂಬುದಕ್ಕೆ ನೆರೆಯ ತುಮಕೂರು ಜಿಲ್ಲೆಯ ಪಾವಗಡವೇ ಸಾಕ್ಷಿ. ಅಲ್ಲಿ ಸುಮಾರು ೧೩,೦೦೦ ಎಕರೆಯಲ್ಲಿ ೨,೦೫೦ ಮೆಗಾವಾಟಿನ ಸೌರ ವಿದ್ಯುತ್ ಕ್ಷೇತ್ರವನ್ನು ಕಟ್ಟಿದಾಗ ರೈತರ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಂತೆ ಆರಂಭಿಸಿ, ಕಾಲಕಾಲಕ್ಕೆ ಏರುವ ಗೇಣಿಗೆ ಪಡೆದರು. ಒಡೆತನವು ರೈತನಲ್ಲಿಯೇ ಉಳಿಯಿತು. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ನಿರ್ಭೂಮಿಕನಿಗೆ ಗೇಣಿಯೂ ಇಲ್ಲ, ಕೂಲಿಯೂ ಇಲ್ಲ. ಅರ್ಧ ನ್ಯಾಯವಾಯಿತು, ಮಿಕ್ಕರ್ಧ ಬಾಕಿಯಿದೆ.

ಆದುದರಿಂದ ನಮ್ಮ ಕೋರಿಕೆ ಇಷ್ಟು. ಸೌದೆ ಕಡಮೆ ಬೇಡುವ ಬ್ಯಾರನ್ನುಗಳ ಖರ್ಚನ್ನು ಬೆಳೆಗಾರನ ಸಾಲಕ್ಕೆ ಸೇರಿಸದೆ, ಸಿಗರೇಟಿನಿಂದ ಬರುವ ತೆರಿಗೆಯ ಒಂದು ಪಾಲಿನಿಂದ ಭರಿಸಬೇಕು. ಹೊಗೆಸೊಪ್ಪನ್ನು ಬಿಡಲೊಪ್ಪಿದವನ ಬೇರೆ ಬೆಳೆಗೆ ಅಷ್ಟೇ ಭದ್ರವಾದ ಮಾರುಕಟ್ಟೆಯನ್ನು ಮೊದಲು ಕಟ್ಟಿಕೊಟ್ಟು ಆಮೇಲೆ ಬಿಡು ಎನ್ನಬೇಕು. ಚನ್ನರಾಯಪಟ್ಟಣದ ಕೆರೆಗಳ ಹೂಳು ತೆಗೆಸುವುದನ್ನೂ ಪಂಪುಸೆಟ್ಟುಗಳಿಗೆ ಸೂರ್ಯಶಕ್ತಿ ಒದಗಿಸುವುದನ್ನೂ ದಾನವೆಂದಲ್ಲ, ರಾಷ್ಟ್ರದ ವಾಗ್ದಾನದ ಅಂಗವೆಂದು ಎಣಿಸಬೇಕು. ಬರಪರಿಹಾರವು ಬರದ ವರ್ಷದಲ್ಲಿಯೇ ಕೈಸೇರಬೇಕು. ವಿದೇಶಗಳಿಗೆ ಒಪ್ಪಿಸುವ ಲೆಕ್ಕವನ್ನು ಜಿಲ್ಲೆ ಜಿಲ್ಲೆಗೆ ವಿಂಗಡಿಸಿ, ಹೊರೆ ಹೊತ್ತವರು ಯಾರು, ನೆರವು ಪಡೆದವರು ಯಾರು ಎಂಬುದನ್ನು ಜಿಲ್ಲಾ ಪಂಚಾಯತಿಯ ಮುಂದೆ ಪ್ರತಿ ವರ್ಷ ಇಡಬೇಕು. ರೈತಬಾಂಧವರಿಗೂ ಒಂದು ಮಾತು: ಬಡವನೆಂಬ ಕಾರಣದಿಂದ ಸಾಲುಮರಕ್ಕೆ ಕೊಡಲಿ ಹಾಕುವ ಹಕ್ಕು ಯಾರಿಗೂ ಬರುವುದಿಲ್ಲ. ಬದುವಿನ ಮೇಲೆ ನಾಲ್ಕು ಮರ ನೆಡುವುದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಾಗಿಲ್ಲ.

ಭಾರತವು ಕೊಟ್ಟ ಮಾತಿಗೆ ತಪ್ಪಬೇಕೆಂದು ನಾವು ಹೇಳುತ್ತಿಲ್ಲ. ಮಾತು ಉಳಿಯಬೇಕೆಂಬುದೇ ನಮ್ಮ ಆಸೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬಂತೆ ರೈತನ ಗಂಟಿನಿಂದ ಈಡೇರಿಸುವ ಮಾತು ಬಹುಕಾಲ ಉಳಿಯಲಾರದು. ರಿಯೊ ನಗರದಲ್ಲಿ ನಾವು ಲೋಕಕ್ಕೆ ಹೇಳಿದ ಧರ್ಮವನ್ನು ರಾಮನಾಥಪುರದಲ್ಲಿ ನಡೆಸಿ ತೋರಿಸಿದರೆ, ಮುಂದಿನ ಸಭೆಗಳಲ್ಲಿ ನಮ್ಮ ಪ್ರತಿನಿಧಿಗಳ ಮಾತಿಗೆ ಈಗಿಲ್ಲದ ತೂಕವು ತಾನಾಗಿ ಬರುವುದು.