ಅಜ್ಜಿಯ ಸತ್ಯವೇದ

ನಮ್ಮ ಮಾದಾಪುರದಲ್ಲಿ ‘ಬೈಬಲ್’ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಆದರೆ ಪ್ರತಿ ಸಲವೂ ಅದು ಕ್ರೈಸ್ತರ ಧರ್ಮಗ್ರಂಥವನ್ನೇ ಕುರಿತದ್ದೆಂದು ವಾಚಕರು ಭಾವಿಸಬೇಕಾಗಿಲ್ಲ. 1998ರಲ್ಲಿ ಸೈಬರ್ ಟವರ್ಸ್ ಎದ್ದು ನಿಂತಂದಿನಿಂದ ಇದು ಕಂಪ್ಯೂಟರಿನವರ ಊರಾಗಿದೆಯಷ್ಟೆ. ನನ್ನ ಭಾವಮೈದುನ ಕರ್ನಿಘಾನ್ ಮತ್ತು ರಿಚಿ ಎಂಬಿಬ್ಬರು 1978ರಲ್ಲಿ ಬರೆದ ಒಂದು ತೆಳು ಪುಸ್ತಕವನ್ನು ತೋರಿಸಿ “ಭಾವ, ಇದು ನಮ್ಮ ಬೈಬಲ್” ಎನ್ನುತ್ತಾನೆ. ಕಛೇರಿಯಲ್ಲಿ ನಮ್ಮ ಸೂಪರಿಂಟೆಂಡೆಂಟರು ಸರ್ವಿಸ್ ರೂಲ್ಸಿನ ಪುಸ್ತಕದ ಮೇಲೆ ಕೈ ತಟ್ಟಿ ಅದೇ ಮಾತನ್ನಾಡುತ್ತಾರೆ. ಇಂಥ ಕಡೆ ನಮ್ಮ ಹಿರಿಯರು ‘ವೇದವಾಕ್ಯ’ ಎನ್ನುತ್ತಿದ್ದರು. ಎರಡರ ಭಾವವೂ ಒಂದೇ: ಇದರ ಮೇಲೆ ಅಪೀಲಿಲ್ಲ.

ಈ ಮಾತಿನ ವಿಚಾರಕ್ಕೆ ನಾನು ತಲೆ ಹಾಕುವಂತಾದದ್ದು ನಮ್ಮ ಮೇಲಿನ ಮಹಡಿಯ ಅಜ್ಜಿಯಿಂದ. ಅವರು ಬೀದರ ಸೀಮೆಯ ಕನ್ನಡ ಕ್ರೈಸ್ತರು, ಮೆಥೊಡಿಸ್ಟ್ ಪಂಗಡದವರು. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಒಂಬತ್ತನೆಯ ತರಗತಿಯ ಮೊಮ್ಮಗಳು ಅಜ್ಜಿಯೊಡನೆ ಕನ್ನಡ ಆಡುತ್ತಾಳೆ, ಓದುವುದು ಮಾತ್ರ ತೆಲುಗು ಮತ್ತು ಇಂಗ್ಲಿಷು. ಆ ಮನೆಯಲ್ಲಿ ಕನ್ನಡದ ಪುಸ್ತಕವೆಂದರೆ ಅಜ್ಜಿಯ ಧರ್ಮಗ್ರಂಥವೊಂದೇ. ಕಳೆದ ಮಳೆಗಾಲದಲ್ಲಿ ಅವರ ಕಣ್ಣಿನ ಪೊರೆ ತೆಗೆಸಿದರು. ಕೆಲವು ವಾರ ಕಣ್ಣಿಗೆ ಶ್ರಮ ಕೊಡಬಾರದೆಂದು ಡಾಕ್ಟರರ ಅಪ್ಪಣೆಯಾಯಿತು. ರಾತ್ರಿ ಒಂದು ಅಧ್ಯಾಯವಾದರೂ ಓದದೆ ಮಲಗಿದವರಲ್ಲ ಅಜ್ಜಿ. ಮೊಮ್ಮಗಳು ತೆಲುಗಿನಲ್ಲಿ ಓದಿ ಹೇಳತೊಡಗಿದಳು. ಎರಡನೆಯ ದಿನವೇ ಜಗಳ.

ನಾನು ವಿಚಾರಿಸಲು ಹೋದಾಗ ಅಜ್ಜಿ ದೂರಿಕೊಂಡರು: “ತಮ್ಮಾ, ದೇವರು ಅಬ್ರಹಾಮನ ಕೂಡ ಒಡಂಬಡಿಕಿ ಮಾಡಿಕೊಂಡಾನ. ಈ ಹುಡುಗಿ ನಿಬಂಧನ ನಿಬಂಧನ ಅಂತ ಓದತಾಳ. ನಿಬಂಧನಿ ಅಂದ್ರ ಬ್ಯಾಂಕಿನವರು ಹಾಕೂದಲ್ಲೇನು?”

ಹುಡುಗಿಯ ತಪ್ಪೇನೂ ಇರಲಿಲ್ಲ. ತೆಲುಗಿನಲ್ಲಿ ಈ ಗ್ರಂಥದ ಎರಡು ಭಾಗಗಳಿಗೆ ಪಾತ ನಿಬಂಧನ, ಕೊತ್ತ ನಿಬಂಧನ ಎಂದೇ ಹೆಸರು. ಆ ಚರ್ಚುಗಳಲ್ಲಿ ಬೆಳೆದವರಿಗೆ ಆ ಮಾತಿನಲ್ಲಿ ಏನೂ ಕೊಸರಿಲ್ಲ. ಆದರೆ ಹತ್ತು ವರ್ಷದಿಂದ ಟೆಂಡರು ಕಾಗದಗಳನ್ನು ನೋಡುತ್ತಿರುವ ನನಗೆ ಅಜ್ಜಿಯ ಸಂಕಟ ಚೆನ್ನಾಗಿ ಅರ್ಥವಾಯಿತು. ಕನ್ನಡದಲ್ಲಿ ನಿಬಂಧನೆಯನ್ನು ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಒಪ್ಪಬೇಕು. ಒಡಂಬಡಿಕೆಗಾದರೋ ಇಬ್ಬರೂ ಒಡಂಬಡಬೇಕು. ಎಪ್ಪತ್ತು ದಾಟಿದ ಮುದುಕಿಗೆ ತನ್ನ ದೇವರು ರಾತ್ರೋರಾತ್ರಿ ಷರತ್ತು ಹಾಕುವ ಸಾಹುಕಾರನಂತೆ ಕಂಡರೆ ನಿದ್ದೆ ಹೇಗೆ ಬಂದೀತು?

ಮರುದಿನ ಕಛೇರಿಯಲ್ಲಿ ಉರ್ದು ಬಲ್ಲ ಮಿತ್ರರೊಬ್ಬರನ್ನು ಕೇಳಿದೆ. ಅವರ ಭಾಷೆಯಲ್ಲಿ ಅದು ‘ಅಹದ್‌ನಾಮಾ’, ಅಂದರೆ ಕರಾರು ಪತ್ರ. ಇಂಗ್ಲಿಷಿನ ‘ಟೆಸ್ಟಮೆಂಟ್’ ಎಂಬುದಕ್ಕೆ ವಕೀಲರ ಬಾಯಲ್ಲಿ ಉಯಿಲೆಂದು ಅರ್ಥ. ಮೂಲ ಹೀಬ್ರೂವಿನ ‘ಬೆರಿತ್’ ಎಂದರೆ ಒಪ್ಪಂದ. ಅದನ್ನು ಗ್ರೀಕಿಗೆ ತಂದವರು ಆರಿಸಿದ ಮಾತಿಗೆ ಒಪ್ಪಂದವೆಂದೂ ಉಯಿಲೆಂದೂ ಎರಡರ್ಥ. ಲ್ಯಾಟಿನ್ನಿನವರು ಉಯಿಲನ್ನು ಹಿಡಿದುಕೊಂಡರು, ಇಂಗ್ಲಿಷರು ಅವರನ್ನು ಅನುಸರಿಸಿದರು. ನನ್ನನ್ನು ಕೇಳಿದರೆ ನಮ್ಮ ‘ಒಡಂಬಡಿಕೆ’ ಅದಕ್ಕಿಂತ ಮೂಲಕ್ಕೆ ಹತ್ತಿರ.

ಇನ್ನು ಯೆಹೂದ್ಯರ ಮಾತೇ ಬೇರೆ. ಹೊಸ ಫೈಲು ತೆರೆದ ಮೇಲೆ ತಾನೆ ಇದ್ದ ಫೈಲಿಗೆ ‘ಹಳೆಯದು’ ಎಂದು ಚೀಟಿ ಅಂಟಿಸುವುದು? ಅವರು ಹೊಸದನ್ನು ತೆರೆಯಲೇ ಇಲ್ಲ. ಆದ್ದರಿಂದ ‘ಹಳೆಯ ಒಡಂಬಡಿಕೆ’ ಎಂಬುದು ಅವರಿಗೆ ಸಲ್ಲದ ಮಾತು. ತೋರಾ ಅಂದರೆ ಧರ್ಮೋಪದೇಶ, ನೆವಿಯೀಂ ಅಂದರೆ ಪ್ರವಾದಿಗಳು, ಕೆತುವೀಂ ಅಂದರೆ ಇತರ ಬರಹಗಳು. ಈ ಮೂರರ ಮೊದಲಕ್ಷರಗಳನ್ನು ಕೂಡಿಸಿ ಅವರು ‘ತನಾಖ್’ ಎನ್ನುತ್ತಾರೆ. ಪ್ರಾಟೆಸ್ಟಂಟರು 39 ಪುಸ್ತಕಗಳಾಗಿ ಎಣಿಸುವುದನ್ನು ಅವರು 24 ಎಂದು ಎಣಿಸುತ್ತಾರೆ, ವಿಷಯ ಅದೇ. ಹೊಸ ಭಾಗವೂ ಸೇರಿ ಪ್ರಾಟೆಸ್ಟಂಟರಿಗೆ 66 ಪುಸ್ತಕ, ಕೆಥೊಲಿಕರಿಗೆ 73. ಕನ್ನಡದಲ್ಲಿ ಮೊದಲಿನವರು ‘ಸುವಾರ್ತೆ’ ಎಂದದ್ದನ್ನು ಎರಡನೆಯವರು ‘ಶುಭಸಂದೇಶ’ ಎನ್ನುತ್ತಾರೆ. ಉರ್ದುವಿನ ‘ಇಂಜೀಲ್’ ಗ್ರೀಕಿನಿಂದ ಬಂದದ್ದು, ಅದಕ್ಕೂ ಒಳ್ಳೆಯ ಸುದ್ದಿಯೆಂದೇ ಅರ್ಥ.

ಇಷ್ಟು ಪುಸ್ತಕಗಳೆಂದ ಮೇಲೆ ‘ಬೈಬಲ್’ ಒಂದು ಗ್ರಂಥವೋ, ಗ್ರಂಥಭಂಡಾರವೋ? ಮಾತಿನ ಮೂಲವನ್ನು ನೋಡಿದರೆ ಭಂಡಾರವೇ. ಗ್ರೀಕಿನ ‘ಬಿಬ್ಲಿಯ’ ಬಹುವಚನ, ‘ಪುಸ್ತಕಗಳು’ ಎಂದರ್ಥ. ಬರೆಯಲು ಬಳಸುತ್ತಿದ್ದ ಪಪೈರಸ್ ಜೊಂಡಿನ ಹೆಸರಿನಿಂದ ಅದು ಹುಟ್ಟಿತು. ಲ್ಯಾಟಿನ್ನಿಗೆ ಬರುವಾಗ ಬಹುವಚನ ಸವೆದು ಏಕವಚನವಾಯಿತು. ನಮ್ಮ ‘ಗ್ರಂಥ’ವಾದರೂ ಕಟ್ಟುವುದು, ಹೆಣೆಯುವುದು ಎಂಬ ಅರ್ಥದಿಂದ ಬಂದದ್ದು. ಅಲ್ಲಿ ಜೊಂಡು, ಇಲ್ಲಿ ಓಲೆಗರಿಯ ಕಟ್ಟು. ಫೈಲಿಗೆ ದಾರ ಬಿಗಿಯುವ ಗುಮಾಸ್ತನಿಗೆ ಇದು ಸ್ವಲ್ಪ ಹೆಮ್ಮೆಯ ವಿಷಯವೇ ಸರಿ.

ಆದರೆ ಅಜ್ಜಿಯ ಮುಂದೆ ‘ನಿಮ್ಮ ಬೈಬಲ್’ ಎಂದು ನಾನು ಬಾಯಿ ತೆರೆದಾಗ “ನಮ್ಮ ಮನ್ಯಾಗ ಸತ್ಯವೇದ ಅಂತೀವ್ರೀ” ಎಂದು ತಿದ್ದಿದರು. ರಟ್ಟಿನ ಮೇಲೂ ಹಾಗೆಯೇ ಇತ್ತು. ಮಲೆಯಾಳದವರಲ್ಲಿಯೂ ‘ಸತ್ಯವೇದಪುಸ್ತಕ’ ಎಂಬ ಹೆಸರುಂಟು. ನಮ್ಮ ಮನೆಯಲ್ಲಿ ಇದನ್ನು ಹೇಳಿದಾಗ ನನ್ನ ಸೋದರತ್ತೆ ಹುಬ್ಬು ಗಂಟಿಕ್ಕಿದರು: ಅದು ಸತ್ಯವೇದವಾದರೆ ನಮ್ಮದೇನು? ಪ್ರಶ್ನೆ ನ್ಯಾಯವಾದದ್ದೇ, ನನಗೂ ಒಳಗೊಳಗೇ ಚುಚ್ಚಿತ್ತು. ಸಂಕೋಚಪಡುತ್ತ ಅಜ್ಜಿಯನ್ನೇ ಕೇಳಿಬಿಟ್ಟೆ. ಅವರು ನಕ್ಕು “ನಮ್ಮ ಹೊಲ ಚಲೋ ಐತಿ ಅಂದ್ರ ಬಾಜೂದವರ ಹೊಲದಾಗ ಜೋಳ ಬೆಳ್ಯಾಂಗಿಲ್ಲ ಅಂತೇನು?” ಎಂದರು. ಸೋದರತ್ತೆಗೆ ಹಾಗೆಯೇ ವರದಿ ಒಪ್ಪಿಸಿದೆ.

ಅಂತೂ ಮೂರು ವಾರ ಓದುವ ಕೆಲಸ ನನ್ನ ಪಾಲಿಗೆ ಬಂತು. ಬಿಎಗೆ ಕನ್ನಡ ಐಚ್ಛಿಕ ತೆಗೆದುಕೊಂಡಿದ್ದರೂ ಈ ಪುಸ್ತಕವನ್ನು ನಾನು ಬಿಚ್ಚಿ ನೋಡಿದವನಲ್ಲ. ಕ್ರಿ.ಶ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು, ಕನ್ನಡ ಕಲಿತು ಅನುವಾದಕ್ಕೆ ಕೈ ಹಚ್ಚಿದನು. ಇಡೀ ಗ್ರಂಥ ಕನ್ನಡದಲ್ಲಿ ಹೊರಬಂದದ್ದು 1831ರಲ್ಲಿ. ಆಮೇಲೆ ಎಷ್ಟೋ ಕೈಗಳು ಅದನ್ನು ತಿದ್ದಿವೆ. ಹಾಳೆ ಮಗುಚುತ್ತಿದ್ದಾಗ ‘ಅರಣ್ಯಕಾಂಡ’ ಎಂದು ಕಂಡು, ರಾಮಾಯಣದ ಹಾಳೆ ಇಲ್ಲಿ ಸೇರಿಕೊಂಡಿತೇ ಎಂದು ಗಾಬರಿಯಾದೆ! ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡಗಳಾದ ಮೇಲೆ ನಾಲ್ಕನೆಯದೇ ಅರಣ್ಯಕಾಂಡ. ಹುಡುಗಿಯ ತೆಲುಗು ಪುಸ್ತಕದಲ್ಲಿ ಅದೇ ‘ಸಂಖ್ಯಾಕಾಂಡಮು’. ಜನಗಣತಿಯಿಂದ ಆರಂಭವಾಗುವ ಪುಸ್ತಕವಾದ್ದರಿಂದ ಗ್ರೀಕರು ಸಂಖ್ಯೆಯ ಹೆಸರಿಟ್ಟರು, ಇಂಗ್ಲಿಷರೂ ತೆಲುಗರೂ ಅದನ್ನೇ ಹಿಡಿದರು. ಹೀಬ್ರೂವಿನ ಹೆಸರು ‘ಬೆಮಿದ್ಬಾರ್’, ಜನವಸತಿಯಿಲ್ಲದ ಕಾಡುನೆಲದಲ್ಲಿ ಎಂದರ್ಥ. ಕನ್ನಡದ ಹೆಸರು ಆ ದಾರಿ ಹಿಡಿದಿದೆ, ನಮ್ಮ ಕಿವಿಗೂ ಹಿತವಾಗಿದೆ.

ನಾನು ಓದುವಾಗ ಹುಡುಗಿ ಪಕ್ಕದಲ್ಲಿ ಕುಳಿತು ತನ್ನ ತೆಲುಗು ಪುಸ್ತಕದಲ್ಲಿ ಬೆರಳಾಡಿಸುತ್ತಿದ್ದಳು. ಒಂದು ದಿನ ನನ್ನ ಸಾಲಿಗೇ ಬೆರಳಿಟ್ಟು “ಅಂಕಲ್, ಇದು ನಮ್ಮ ಅಕ್ಷರದಂಗೇ ಐತಲ್ಲ!” ಎಂದಳು. ತೆಲುಗಿನ ತಲೆಕಟ್ಟು ಗಿಣಿಯ ಕೊಕ್ಕಿನಂತೆ ಮೇಲಕ್ಕೆ ಚಿಮ್ಮಿರುತ್ತದೆ, ನಮ್ಮದು ಮಟ್ಟಸವಾಗಿ ಕುಳಿತಿರುತ್ತದೆ. ಅದೊಂದನ್ನು ತೋರಿಸಿಕೊಟ್ಟ ಮೇಲೆ ಅರ್ಧ ಅಕ್ಷರಮಾಲೆ ಅವಳಿಗೆ ಬಂದಂತೆಯೇ ಆಯಿತು. ಉಳಿದದ್ದನ್ನು ಅಡಿಗೆಮನೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದುಕೊಂಡಳು.

ಅಜ್ಜಿಗೆ ಕನ್ನಡಕ ಬಂದು ಈಗ ಮೂರು ತಿಂಗಳಾಗಿದೆ. ಆದರೂ ರಾತ್ರಿ ಎಂಟು ಗಂಟೆಗೆ ಮೇಲಿನಿಂದ ಹುಡುಗಿಯ ದನಿಯೇ ಕೇಳಿಬರುತ್ತದೆ. ಅರಣ್ಯಕಾಂಡದ ಜನಗಣತಿಯಲ್ಲಿದ್ದಾಳೆ. ಅವಳು ಎಡವಿದಲ್ಲಿ ಅಜ್ಜಿ ಪುಸ್ತಕ ನೋಡದೆಯೇ ತಿದ್ದುತ್ತಾರೆ.